ನಲವತ್ತೇಳನೇ ಶೀಶೆಯ ಹಸಿರು ಬೆಳಕು

ಮೂವತ್ತೊಂದು ವರ್ಷ ನಾನು ಅಣುಗಳನ್ನು ಕಟ್ಟಿದೆ. ಅವುಗಳಲ್ಲಿ ಒಂದೂ ಔಷಧದ ಅಂಗಡಿಯ ಕಪಾಟಿನವರೆಗೆ ಹೋಗಲಿಲ್ಲ. ಇದನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ಎಂ.ಎಸ್ಸಿ. ಮುಗಿಸಿ ಹೊಸದಾಗಿ ಲ್ಯಾಬಿಗೆ ಕಾಲಿಡುವ ಹುಡುಗ ಹುಡುಗಿಯರು ನಮ್ಮಂಥ ನಿವೃತ್ತರ ಬರಹವನ್ನು ತೆಗೆದು ನೋಡುವುದೇ ಕೊನೆಗೆ ಗೆದ್ದರೋ ಇಲ್ಲವೋ ಎಂದು ತಿಳಿಯಲು. ಅಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿ ನಮ್ಮ ಮನೆಯವರೇ ಸುಸ್ತಾಗಿದ್ದಾರೆ.

ನಮ್ಮ ಕಂಪನಿ ಮರಾಠಿ ಸೀಮೆಯ ತಳೇಗಾಂವದ ಕೈಗಾರಿಕಾ ಪ್ರದೇಶದಲ್ಲಿತ್ತು, ಮನೆ ಚಿಂಚವಾಡದಲ್ಲಿ. ನಾನು ಧಾರವಾಡದಲ್ಲಿ ಓದಿ, ಮದುವೆಯಾಗಿ ಈ ಕಡೆ ಬಂದವಳು. ಮನೆಯಲ್ಲಿ ಕನ್ನಡ, ಲೋಕಲ್ ರೈಲುಗಾಡಿಯಲ್ಲಿ ಮರಾಠಿ, ಪ್ರಯೋಗದ ವಹಿಯಲ್ಲಿ ಇಂಗ್ಲಿಷ್, ಸಿಟ್ಟು ಬಂದಾಗ ಮಾತ್ರ ಯಾವುದು ಮೊದಲು ಬಾಯಿಗೆ ಬಂತೋ ಅದು. ವಿಭಾಗದ ಮುಖ್ಯಸ್ಥರು ಸಾಠೆ ಸರ್. ಮರಾಠಿ ಮನೆಯವರಾದರೂ ಅವರೂ ಧಾರವಾಡದಲ್ಲಿ ಓದಿದವರು. ನನ್ನ ಹತ್ತಿರ ಅಲ್ಲಿಯ ಕನ್ನಡದಲ್ಲೇ ಮಾತು, ಅದರಲ್ಲೂ ಬೈಯುವುದಿದ್ದರೆ ಕಡ್ಡಾಯವಾಗಿ ಕನ್ನಡ.

ನಮ್ಮ ಕೆಲಸ ಏನೆಂದು ಒಮ್ಮೆ ಸರಳವಾಗಿ ಹೇಳಬೇಕು. ಥಲಸೇಮಿಯಾ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಬರುವ ರಕ್ತದ ಜೊತೆಗೆ ಕಬ್ಬಿಣವೂ ಬರುತ್ತದೆ. ಆ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಅದು ಲಿವರಿನಲ್ಲಿ, ಹೃದಯದಲ್ಲಿ ಕೂತು ಒಳಗಿಂದಲೇ ಹಾಳುಮಾಡುತ್ತದೆ. ಕಬ್ಬಿಣವನ್ನು ಹಿಡಿದು ಹೊರತರುವ ಹಳೆಯ ಔಷಧವೊಂದಿದೆ. ಆದರೆ ಅದನ್ನು ಗುಳಿಗೆಯಾಗಿ ನುಂಗಿ ಪ್ರಯೋಜನವಿಲ್ಲ. ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಚುಚ್ಚಿಕೊಂಡು, ಚಿಕ್ಕ ಪಂಪಿನಿಂದ ಎಂಟು ಹತ್ತು ಗಂಟೆ ನಿಧಾನವಾಗಿ ಬಿಡಬೇಕು, ವಾರದಲ್ಲಿ ಐದಾರು ದಿನ. ಅಷ್ಟು ಮಾಡಿದರೂ ಜೀವಕೋಶದ ಎಣ್ಣೆಯಂಥ ಪೊರೆಯನ್ನು ದಾಟಿ ಒಳಗೆ ಹೋಗುವುದು ಕಡಿಮೆ. ಆಮೇಲೆ ಗುಳಿಗೆಗಳೂ ಬಂದವು, ಬಹಳ ಜನಕ್ಕೆ ಹಿಡಿಸಿದವು, ಆದರೆ ಎಲ್ಲರಿಗೂ ಅಲ್ಲ.

ಕಬ್ಬಿಣ ಹಿಡಿಯುವ ಔಷಧಕ್ಕೆ ಜೀವಕೋಶವೇ ಇಷ್ಟಪಟ್ಟು ಒಳಗೆ ಎಳೆದುಕೊಳ್ಳುವಂಥ ಇನ್ನೊಂದು ಅಣುವನ್ನು ಜೋಡಿಸುವುದು ನಮ್ಮ ಕೆಲಸವಾಗಿತ್ತು. ಅದಕ್ಕೆ ವಾಹಕ ಎನ್ನುತ್ತಿದ್ದೆವು. ಬೆಳಗಿನ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತವರು ಪರಿಚಯದವಳನ್ನು ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಒಳಗೆ ಹೋದ ಮೇಲೆ ಆ ಕೈ ಬಿಡಬೇಕು, ಇಲ್ಲದಿದ್ದರೆ ಔಷಧ ಕೆಲಸ ಮಾಡುವುದಿಲ್ಲ. ಹೊರಗೆ ಬಿಡದ, ಒಳಗೆ ಹೋದ ಕೂಡಲೇ ಬಿಡುವ ಕೊಂಡಿಯನ್ನು ಹುಡುಕುವುದರಲ್ಲೇ ನನ್ನ ಆಯುಷ್ಯದ ದೊಡ್ಡ ಪಾಲು ಹೋಯಿತು.

ಮೊದಲ ವಾರದ ಪೆದ್ದುತನ ಕೇಳಿ. ಬೆಳ್ಳಗಿನ ಪುಡಿಯನ್ನು ತೂಗಿ ನೀರಿಗೆ ಹಾಕಿದೆ, ನೋಡನೋಡುತ್ತಿದ್ದಂತೆ ಗುಲಾಬಿ ಬಣ್ಣ ಬಂತು. ಏನೋ ಹೊಸದನ್ನು ಕಂಡುಹಿಡಿದೆ ಎಂದು ಎದೆಯುಬ್ಬಿಸಿಕೊಂಡು ಸಾಠೆ ಸರ್ ಹತ್ತಿರ ಓಡಿದೆ. ಅವರು ಗಾಜಿನ ಪಾತ್ರೆ ನೋಡಲಿಲ್ಲ, ನನ್ನ ಕೈ ನೋಡಿದರು. ಕೈಯಲ್ಲಿ ಸ್ಟೀಲಿನ ಚಮಚ.

"ಸುನಂದಾಬಾಯಿ, ಕಬ್ಬಿಣಾ ಹಿಡಿಯೋ ಔಷಧಾನ ಕಬ್ಬಿಣದ ಚಮಚದಾಗ ತಗದೀರಿ. ಅದು ಪಾಪ ತನ್ನ ಕೆಲಸಾ ಮಾಡೇದ. ನಿಮ್ಮ ಕೆಲಸಾ ನೀವು ಮಾಡ್ರಿ" ಎಂದರು.

ಅಂದಿನಿಂದ ಪ್ಲಾಸ್ಟಿಕ್ ಚಮಚ, ಆಮ್ಲದಲ್ಲಿ ತೊಳೆದ ಗಾಜು. ಈಗ ಲ್ಯಾಬಿಗೆ ಬರುವವರು ಕಂಪ್ಯೂಟರಿನಲ್ಲಿ ಸಾವಿರ ಅಣುಗಳನ್ನು ಬರೆದು, ಯಾವುದು ಪೊರೆ ದಾಟೀತು ಎಂದು ಯಂತ್ರವನ್ನೇ ಕೇಳುತ್ತಾರೆ. ನಾವು ಕಾಗದದ ಮೇಲೆ ಪೆನ್ಸಿಲಿನಿಂದ ಷಟ್ಕೋನ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದೆವು. ಒಂದು ಅಣುವನ್ನು ಶುದ್ಧ ಮಾಡಲು ಗಾಜಿನ ಕೊಳವೆಯ ಮುಂದೆ ಸ್ಟೂಲು ಹಾಕಿಕೊಂಡು ಹನಿ ಹನಿ ಎಣಿಸುತ್ತ ಮಧ್ಯಾಹ್ನವೆಲ್ಲ ಕಳೆಯುತ್ತಿತ್ತು. ಹಳೆಯದೇ ಚೆನ್ನಾಗಿತ್ತು ಎನ್ನುವವರ ಪೈಕಿ ನಾನಲ್ಲ. ನಿಮ್ಮ ಯಂತ್ರಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆದರೆ ಸ್ಟೀಲಿನ ಚಮಚ ಕೈಯಲ್ಲಿದೆ ಎಂದು ಯಂತ್ರ ಹೇಳುವುದಿಲ್ಲ, ಸಾಠೆ ಸರ್ ಹೇಳುತ್ತಿದ್ದರು.

ಅಣು ಕಟ್ಟುವುದು ನನ್ನ ಪಾಲು, ಅದನ್ನು ಜೀವಕೋಶಗಳ ಮೇಲೆ ಪರೀಕ್ಷಿಸುವುದು ಶಾಂತಕ್ಕನ ಪಾಲು. ಶಾಂತಕ್ಕ ಬೆಳಗಾವಿಯವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಜೀವಕೋಶದ ಕೋಣೆಯೊಳಗೆ ಅವರ ಅಪ್ಪಣೆಯಿಲ್ಲದೆ ನಿರ್ದೇಶಕರೂ ಕಾಲಿಡುವಂತಿರಲಿಲ್ಲ. ಅವರ ಪರೀಕ್ಷೆ ಹೀಗೆ: ಜೀವಕೋಶಗಳ ಒಳಗೆ ಹಸಿರಾಗಿ ಬೆಳಗುವ ಒಂದು ಬಣ್ಣವನ್ನು ತುಂಬುತ್ತಾರೆ. ಒಳಗಿನ ಕಬ್ಬಿಣ ಆ ಬೆಳಕನ್ನು ಮಂಕು ಮಾಡುತ್ತದೆ. ನಮ್ಮ ಔಷಧ ಒಳಗೆ ಹೋಗಿ ಕಬ್ಬಿಣವನ್ನು ಕಿತ್ತುಕೊಂಡರೆ ಹಸಿರು ಮತ್ತೆ ಬೆಳಗುತ್ತದೆ. ಬೆಳಗಿದರೆ ಗೆದ್ದೆವು, ಮಂಕಾಗಿಯೇ ಉಳಿದರೆ ಮತ್ತೆ ಪೆನ್ಸಿಲ್ ಹಿಡಿಯಬೇಕು. ನಲವತ್ತಾರು ಅಣುಗಳು ಮಂಕಾಗಿಯೇ ಉಳಿದಿದ್ದವು.

ನಲವತ್ತೇಳನೆಯದು ಸಿದ್ಧವಾದಾಗ ಖಂಡೇ ನವಮಿ, ಅಂದರೆ ಆಯುಧಪೂಜೆ, ಬಂತು. ನಮ್ಮ ಲ್ಯಾಬಿನಲ್ಲಿ ಆ ದಿನ ಕೆಲಸವಿಲ್ಲ. ಬೆಂಚುಗಳನ್ನು ತೊಳೆದು, ಯಂತ್ರಗಳಿಗೆಲ್ಲ ಚೆಂಡು ಹೂವಿನ ಮಾಲೆ ಹಾಕಿ, ಅರಿಶಿನ ಕುಂಕುಮ ಹಚ್ಚಿ ಪೂಜೆ. ದ್ರಾವಕ ಆವಿ ಮಾಡುವ ಯಂತ್ರದ ಮುಂದೆ ತೆಂಗಿನಕಾಯಿ ಒಡೆಯುವ ಹಕ್ಕು ಸಾಠೆ ಸರ್ ಅವರದು. ಶಾಂತಕ್ಕ ಮಾತ್ರ ತಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತು, "ಹೊರಗ ಏನರ ಮಾಡ್ಕೋರಿ, ನನ್ನ ಜೀವಕೋಶಕ್ಕ ಯಾವ ಪೂಜಿನೂ ಬ್ಯಾಡ" ಎಂದು ಕಳಿಸಿಬಿಟ್ಟರು.

ನನಗೆ ಏನನ್ನಿಸಿತೋ, ಎಲ್ಲರೂ ಪ್ರಸಾದಕ್ಕೆ ಹೋದ ಮೇಲೆ ಆ ನಲವತ್ತೇಳನೇ ಶೀಶೆಯನ್ನು ಹೊರತೆಗೆದೆ. ಮುಚ್ಚಳ ತೆಗೆದು, ಬಾಯಿಯ ಅಂಚಿಗೆ ಒದ್ದೆ ಬೆರಳಿನಿಂದ ಅರಿಶಿನ ಹಚ್ಚಿದೆ, ಹೊಟ್ಟೆಗೆ ಕುಂಕುಮ ಇಟ್ಟೆ. ಯಂತ್ರಗಳಿಗೆಲ್ಲ ಪೂಜೆಯಾಗಿ ಮಗುವಿಗೇ ಆಗದಿದ್ದರೆ ಹೇಗೆ ಎನ್ನುವ ತಾಯಿಯ ಹಾಗೆ ಕೈಮುಗಿದೆ. ಈಗ ನೆನೆದರೆ ನಗು ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಅದು ತಮಾಷೆಯಾಗಿರಲಿಲ್ಲ. ಮುಂದಿನ ಸೋಮವಾರ ಕಂಪನಿಯ ಸಮಿತಿಯ ಮುಂದೆ ನಮ್ಮ ಯೋಜನೆಯ ಲೆಕ್ಕಾಚಾರವಿತ್ತು. ಈ ಸಲವೂ ಏನೂ ಇಲ್ಲದಿದ್ದರೆ ಮುಚ್ಚುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಮರುದಿನವೂ ರಜೆ. ಅದು ಮುಗಿದ ಬೆಳಿಗ್ಗೆ ಅದೇ ಶೀಶೆಗೆ ದ್ರಾವಕ ಸುರಿದು ಕರಗಿಸಿ ಶಾಂತಕ್ಕನಿಗೆ ಕೊಟ್ಟೆ. ಸಂಜೆ ಅವರು ಕರೆದರು. ಪರದೆಯ ಮೇಲೆ ಜೀವಕೋಶಗಳೆಲ್ಲ ಹಸಿರಾಗಿ ಬೆಳಗುತ್ತಿದ್ದವು. ಅಂಥ ಬೆಳಕನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಶಾಂತಕ್ಕನನ್ನು ತಬ್ಬಿಕೊಂಡೆ. ಅವರು ಮಾತ್ರ ಕನ್ನಡಕ ಸರಿಮಾಡಿಕೊಳ್ಳುತ್ತ ಹೇಳಿದರು:

"ಭಾಳ ಬೆಳಗ್ಯಾವ ಸುನಂದಾ, ನಂಬಿಕಿ ಬರವಲ್ದು. ಹಸಿರು ಬಣ್ಣಾ ತುಂಬಲಾರದ ಬರೇ ನಿನ್ನ ಅಣು ಹಾಕಿ ನೋಡೂಣ. ಅದೂ ಬೆಳಗಿದ್ರ ಎಲ್ಲಾ ಸುಳ್ಳು."

"ಅದಕ್ಕ ಇನ್ನೂ ಎರಡು ದಿನಾ ಬೇಕಲ್ರಿ ಶಾಂತಕ್ಕ. ಸೋಮವಾರ ಆಗಲಿ, ಆಮ್ಯಾಲ ಮಾಡಿದ್ರಾತು" ಎಂದೆ.

ಇಡೀ ಬರಹದಲ್ಲಿ ನೀವು ನೆನಪಿಡಬೇಕಾದ ಮಾತು ಇದೊಂದೇ. ಆಮೇಲೆ ಮಾಡಿದರಾಯಿತು ಎಂದವಳು ನಾನು. ಶಾಂತಕ್ಕ ಒಪ್ಪಿದರು, ನನ್ನ ಮೇಲಿನ ಪ್ರೀತಿಗೆ. ಸೋಮವಾರ ಸಾಠೆ ಸರ್ ಆ ಹಸಿರು ಚಿತ್ರವನ್ನು ಸಮಿತಿಗೆ ತೋರಿಸಿದರು. ಯೋಜನೆ ಉಳಿಯಿತು, ಕೆಲಸಕ್ಕೆ ಇನ್ನಿಬ್ಬರನ್ನು ಕೊಟ್ಟರು, ವಿಭಾಗಕ್ಕೆಲ್ಲ ಪೇಢೆ ಹಂಚಿದೆವು.

ನಾನು ಅಷ್ಟಕ್ಕೇ ಸುಮ್ಮನಿರಲಿಲ್ಲ. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಗಿರಿಜಾ ಎಂಬಾಕೆ ಇದ್ದರು. ಗೋಕಾಕದ ಕಡೆಯವರು, ಗಂಡನಿಗೆ ಕಿರಾಣಿ ಅಂಗಡಿ, ಇವರು ಮನೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದರು. ಪ್ರತಿ ಶನಿವಾರ ನಾನು ರೊಟ್ಟಿ ತರಲು ಹೋಗುತ್ತಿದ್ದೆ. ಅವರ ಮಗಳು ರೂಪಾ, ಹದಿನೇಳರ ಹುಡುಗಿ, ಥಲಸೇಮಿಯಾ ಇದ್ದವಳು. ಗುಳಿಗೆಗಳು ಅವಳಿಗೆ ಒಗ್ಗಿರಲಿಲ್ಲ, ಒಂದರಿಂದ ಬಿಳಿ ರಕ್ತಕಣ ಇಳಿದರೆ ಇನ್ನೊಂದರಿಂದ ಕಿಡ್ನಿಗೆ ತೊಂದರೆ. ಹಾಗಾಗಿ ಅವಳಿಗೆ ಪಂಪು, ಸೂಜಿಯೇ ಗತಿ. ನಾನು ಏನು ಕೆಲಸ ಮಾಡುತ್ತೇನೆ ಎಂದು ಆ ಮನೆಗೆ ಗೊತ್ತಿತ್ತು. ಆ ಶನಿವಾರ ರೊಟ್ಟಿಯ ಕಟ್ಟು ತೆಗೆದುಕೊಂಡು ಪೇಢೆಯ ಡಬ್ಬಿ ಕೊಟ್ಟು, "ರೂಪಾ, ನಮ್ಮ ಔಷಧ ಕೆಲಸಾ ಮಾಡ್ತು. ಇನ್ನ ಸೂಜಿ ಕಾಲ ಮುಗೀತು ಅಂತ ತಿಳ್ಕೋ" ಎಂದೆ. ಅವಳ ಮುಖದಲ್ಲಿ ಕಂಡ ಸಂತೋಷಕ್ಕೆ ನಾನೇ ಹಿಗ್ಗಿಹೋದೆ.

ಮೂರು ವಾರದ ಬಳಿಕ ಹೊಸ ಹುಡುಗರಿಬ್ಬರೂ ಸೇರಿ ನಲವತ್ತೇಳನೇ ಅಣುವನ್ನು ಹೊಸದಾಗಿ ಮಾಡಿದರು. ಶಾಂತಕ್ಕ ಪರೀಕ್ಷಿಸಿದರು. ಮಂಕು. ಇನ್ನೊಮ್ಮೆ ಮಾಡಿದರು, ಮತ್ತೂ ಮಂಕು. ಹುಡುಗರಿಗೆ ಕೈ ಪಳಗಿಲ್ಲ ಎಂದು ನಾನು ರೇಗಿದೆ. ಶಾಂತಕ್ಕ ನನ್ನತ್ತ ತಿರುಗಿ, "ಹುಡುಗರನ್ನ ಬೈಬ್ಯಾಡ. ನಿನ್ನ ಹಳೇ ಶೀಶೆ ತಂದು ತೋರಸು" ಎಂದರು.

ತಂದೆ. ಬೆಳಕಿಗೆ ಹಿಡಿದು ತಿರುಗಿಸಿದರು. ಹೊಟ್ಟೆಯ ಮೇಲೆ ಕುಂಕುಮ ಇನ್ನೂ ಇತ್ತು. ಬಾಯಿಯ ಅಂಚಿನ ಅರಿಶಿನದಲ್ಲಿ ಅರ್ಧ ಕಾಣೆಯಾಗಿತ್ತು. ಅದು ಎಲ್ಲಿಗೆ ಹೋಯಿತೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ದ್ರಾವಕ ಸುರಿಯುವಾಗ ಅದನ್ನೂ ತೊಳೆದುಕೊಂಡು ಒಳಗೆ ಹೋಗಿತ್ತು. ಅಣುವಿನ ದ್ರಾವಣವೇ ತೆಳು ಹಳದಿ, ಹಾಗಾಗಿ ಕಣ್ಣಿಗೆ ಗೊತ್ತಾಗಿರಲಿಲ್ಲ. ಶಾಂತಕ್ಕ ಚಿಟಿಕೆ ಅರಿಶಿನವನ್ನು ಬರಿ ದ್ರಾವಕದಲ್ಲಿ ಕರಗಿಸಿ ಜೀವಕೋಶಗಳಿಗೆ ಹಾಕಿದರು. ನನ್ನ ಅಣು ಇಲ್ಲ, ಬಣ್ಣವೂ ಇಲ್ಲ. ಜೀವಕೋಶಗಳೆಲ್ಲ ಹಸಿರಾಗಿ ಬೆಳಗಿದವು. ಅರಿಶಿನಕ್ಕೆ ಆ ಗುಣವಿದೆ, ಆ ಯಂತ್ರದ ನೀಲಿ ಬೆಳಕು ಬಿದ್ದರೆ ತಾನೇ ಹಸಿರಾಗಿ ಹೊಳೆಯುತ್ತದೆ. ಸಮಿತಿಗೆ ನಾವು ತೋರಿಸಿದ್ದು ಅಡುಗೆಮನೆಯ ಅರಿಶಿನವನ್ನು.

ಶಾಂತಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನೇ ಸಾಠೆ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿ, "ಎರಡು ದಿನದ ಪರೀಕ್ಷೆ ಬಿಟ್ಟವಳು ನಾನು, ಶಾಂತಕ್ಕ ಅಲ್ಲ" ಎಂದೆ.

"ತಪ್ಪು ನಿಮ್ಮದಲ್ಲ ಅಂತ ನಾ ಹೇಳೂದಿಲ್ಲ. ನಿಮ್ಮದಽ ಅದ. ಆದ್ರ ಸಮಿತಿ ಮುಂದ ಹೇಳ್ಲಿಕ್ಕೆ ನಾ ಹೋಗ್ತೀನಿ. ಆ ಚಿತ್ರಾ ತೋರಿಸಿದಾಂವ ನಾ ಇದ್ದೆ" ಎಂದರು.

ಹೋದರು. ಅದೇ ಹಸಿರು ಚಿತ್ರವನ್ನು ಮತ್ತೆ ಹಾಕಿ, ಪಕ್ಕದಲ್ಲಿ ಅರಿಶಿನದ ಚಿತ್ರವನ್ನೂ ಹಾಕಿ, ನಮ್ಮ ತಪ್ಪು ಎಂದರಂತೆ. ನನ್ನ ಹೆಸರನ್ನು ಎತ್ತಲಿಲ್ಲ. ಸಮಿತಿಯವರು ಕೊಟ್ಟ ಇಬ್ಬರನ್ನು ಹಿಂದಕ್ಕೆ ತೆಗೆದುಕೊಂಡರು, ಯೋಜನೆಗೆ ಒಂದೇ ವರ್ಷದ ಗಡುವು ಹಾಕಿದರು. ಮುಚ್ಚಲಿಲ್ಲ, ಯಾಕೆಂದರೆ ತಪ್ಪನ್ನು ತಾವೇ ಬಂದು ಹೇಳಿದವರನ್ನು ಇನ್ನೊಂದು ವರ್ಷ ನಂಬಬಹುದು ಎಂದು ಸಮಿತಿಯಲ್ಲಿ ಯಾರೋ ಅಂದರಂತೆ. ಆ ಮಾತಾಡಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವರಿಗೆ ನಾನು ಋಣಿ. ಸಾಠೆ ಸರ್‌ಗೆ ಎಷ್ಟು ಋಣಿ ಎಂದು ಹೇಳಲು ಹೋದರೆ ಈ ಬರಹ ಮುಗಿಯುವುದಿಲ್ಲ.

ಸಮಿತಿಯಿಂದ ಹಿಂದಿರುಗಿದ ಸಾಠೆ ಸರ್ ನನ್ನ ಬೆಂಚಿನ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳಿದರು: "ಬ್ಯಾರೆ ಯಾರಿಗರೆ ಹೇಳೀರೇನು?"

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಸಮಿತಿ, ಮರ್ಯಾದೆ, ಕೆಲಸ, ಇಷ್ಟೇ ಇದ್ದವು. ಪೇಢೆಯ ಡಬ್ಬಿ ನೆನಪೇ ಆಗಿರಲಿಲ್ಲ. ಮಧ್ಯದ ಎರಡು ಶನಿವಾರ ನಾನು ಊರಲ್ಲಿರಲಿಲ್ಲ, ಮೂರನೆಯದರಲ್ಲಿ ಲ್ಯಾಬಿನಲ್ಲೇ ಕೂತಿದ್ದೆ. ಅಂದು ಸಂಜೆಯ ಲೋಕಲ್ ಹಿಡಿದು ಚಿಂಚವಾಡದಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಗಿರಿಜಾ ಅವರ ಮನೆಗೆ ಹೋದೆ.

ರೂಪಾ ಹೊಸ್ತಿಲ ಹತ್ತಿರ ಕೂತು ರೊಟ್ಟಿ ಎಣಿಸಿ ಕಟ್ಟುತ್ತಿದ್ದಳು. ಅವಳ ಪಂಪಿನ ಚೀಲ ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಅದರ ಮೇಲೆ ಜೋಳದ ಹಿಟ್ಟಿನ ಧೂಳು. ಅದನ್ನು ನೋಡಿ ಕೇಳಿದೆ:

"ಪಂಪು ಹಾಕ್ಕೊಳ್ಳಾಕತ್ತಿಲ್ಲೇನು?"

"ಬಿಟ್ಟೇನ್ರಿ ಆಂಟಿ. ಹೆಂಗೂ ನಿಮ್ಮ ಗುಳಿಗಿ ಬರ್ತೈತಲ್ರಿ, ಅಲ್ಲೀ ಮಟಾ ಹೊಟ್ಟಿಗೆ ಸ್ವಲ್ಪ ಆರಾಮ ಸಿಗಲಿ ಅಂತ" ಎಂದಳು ನಗುತ್ತ.

ಒಳಗಿನಿಂದ ಗಿರಿಜಾ ಕೈ ಒರೆಸಿಕೊಳ್ಳುತ್ತ ಬಂದರು. "ನೀವಽ ಹೇಳಿದ್ರಿ ಅಂತ ನಾನೂ ಒತ್ತಾಯ ಮಾಡ್ಲಿಲ್ರಿ ಅಕ್ಕಾರ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅರಿಶಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಔಷಧ ಇಲ್ಲ, ಇನ್ನೂ ಎಷ್ಟು ವರ್ಷವೋ ಗೊತ್ತಿಲ್ಲ, ಬರದೇ ಹೋಗಲೂಬಹುದು, ನಾನು ಪರೀಕ್ಷೆ ಮುಗಿಸದೆ ಬಾಯಿ ಬಿಟ್ಟೆ ಎಂದೆ. ಗಿರಿಜಾ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ರೂಪಾಳ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹಂಗಿದ್ರ ಯಾಕ ಹೇಳಿದ್ರಿ?" ಎಂದಳು. "ನಾ ಏನ ಕೇಳಿದ್ನೇನ್ರಿ? ಸೂಜಿ ರೂಢಿ ಆಗಿತ್ತು. ಬಿಟ್ಟಮ್ಯಾಲ ಗೊತ್ತಾತು ಎಷ್ಟ ಆರಾಮ ಇರ್ತೈತಿ ಅಂತ. ಇನ್ನ ಮತ್ತ ಚುಚ್ಚಿಕೋ ಅಂದ್ರ ನನ್ನಿಂದ ಆಗೂದಿಲ್ಲ."

ಮೂರು ವಾರದಲ್ಲಿ ಎಷ್ಟು ಕಬ್ಬಿಣ ಏರಿರುತ್ತದೆ, ಹೀಗೇ ಬಿಟ್ಟರೆ ಹೃದಯಕ್ಕೆ ಏನಾಗುತ್ತದೆ ಎಂದು ನಾನು ಹೇಳಲು ಶುರುಮಾಡಿದೆ. ಅವಳು ತಡೆದಳು. "ಅದೆಲ್ಲಾ ನನಗ ಗೊತ್ತೈತ್ರಿ. ನಿಮಗ ಈ ಸೂಜಿ ಗೊತ್ತೈತೇನು?"

ಗೊತ್ತಿರಲಿಲ್ಲ. ಅಷ್ಟು ವರ್ಷ ವರದಿಗಳಲ್ಲಿ 'ರೋಗಿಗೆ ಅನನುಕೂಲ' ಎಂದು ಎರಡು ಪದ ಬರೆದು ಮುಂದೆ ಹೋಗಿದ್ದೆ. "ಹೊಸಾ ಸೂಜಿ ಇದ್ರ ತಾ. ನನಗ ಚುಚ್ಚು" ಎಂದೆ. ಗಿರಿಜಾ ಬೇಡ ಬೇಡ ಎಂದರು. ರೂಪಾ ಎದ್ದಳು. ಕೈ ತೊಳೆದು, ಪೊಟ್ಟಣ ಬಿಚ್ಚಿ, ನನ್ನ ಹೊಟ್ಟೆಯ ಚರ್ಮವನ್ನು ಸ್ಪಿರಿಟಿನಿಂದ ಒರೆಸಿ, ಎರಡು ಬೆರಳಲ್ಲಿ ಹಿಡಿದು ಚುಚ್ಚಿದಳು. ಔಷಧವಿಲ್ಲ, ಬರಿ ಸೂಜಿ. ನಾನು ಹಾ ಎಂದೆ. ಅವಳು ಟೇಪು ಅಂಟಿಸಿ, "ಈಗ ಎದ್ದು ಅಡ್ಡಾಡ್ರಿ, ಬಗ್ರಿ, ರೊಟ್ಟಿ ಕಟ್ರಿ" ಎಂದಳು. ಅರ್ಧ ಗಂಟೆ ಅದನ್ನು ಇಟ್ಟುಕೊಂಡು ರೊಟ್ಟಿ ಕಟ್ಟಿದೆ. ಬಗ್ಗಿದಾಗಲೆಲ್ಲ ಅದು ಒಳಗೆ ಚುರುಕ್ ಎನ್ನುತ್ತಿತ್ತು. ಅವಳು ಹನ್ನೆರಡು ವರ್ಷದಿಂದ ಹೀಗೆ ಬಗ್ಗುತ್ತಿದ್ದಳು.

ಕೊನೆಗೆ ರೂಪಾ ಮೊಳೆಯಿಂದ ಚೀಲ ಇಳಿಸಿ, ಧೂಳು ಕೊಡವಿ, ಔಷಧ ಕಲಸಿ ತನ್ನ ಹೊಟ್ಟೆಗೆ ತಾನೇ ಸೂಜಿ ಹಾಕಿಕೊಂಡಳು. ನನ್ನ ಮುಖ ನೋಡಲಿಲ್ಲ. "ಮತ್ತ ಸುಳ್ಳು ಹೇಳಬ್ಯಾಡ್ರಿ. ಖರೇ ಆದ್ರ ಹೇಳ್ರಿ, ಆಗಲಿಲ್ಲಂದ್ರೂ ಬಂದು ಹೇಳ್ರಿ" ಎಂದಳು. ಮರುವಾರ ಅವರ ಡಾಕ್ಟರ ಹತ್ತಿರ ನಾನೂ ಹೋಗಿ ಬೈಸಿಕೊಂಡೆ. ಕಬ್ಬಿಣ ಏರಿತ್ತು, ಇಳಿಯಲು ಬಹಳ ತಿಂಗಳು ಹಿಡಿಯಿತು. ಇಳಿಯಿತು ಎಂಬುದೇ ನನ್ನ ಪುಣ್ಯ.

ಆ ಒಂದು ವರ್ಷ ನಾವು ದುಡಿದಂತೆ ಮತ್ತೆಂದೂ ದುಡಿಯಲಿಲ್ಲ. ವಾಹಕ ಒಳಗೆ ಹೋಗುತ್ತಿತ್ತು, ಕೊಂಡಿ ಮಾತ್ರ ಬಿಡುತ್ತಿರಲಿಲ್ಲ ಎಂದು ಶಾಂತಕ್ಕ ಕಂಡುಹಿಡಿದರು. ಕೊಂಡಿಯನ್ನು ಬದಲಿಸಿದೆ. ಐವತ್ತೆಂಟನೇ ಅಣು ಬೆಳಗಿತು. ಅರಿಶಿನದ ಬೆಳಕಿನ ಅರ್ಧದಷ್ಟೂ ಇರಲಿಲ್ಲ, ಆದರೆ ನಿಜದ್ದು. ಶಾಂತಕ್ಕ ಏಳು ಸಲ ಮಾಡಿ ನೋಡಿದರು, ನಾನು ಒಮ್ಮೆಯೂ ಸಾಕು ಎನ್ನಲಿಲ್ಲ. ಗಡುವು ಮುಂದಕ್ಕೆ ಹೋಯಿತು. ಇಲಿಗಳವರೆಗೆ ಹೋದೆವು, ಅಲ್ಲಿ ಅದು ಕಿಡ್ನಿಗೆ ತೊಂದರೆ ಮಾಡಿತು. ಎರಡು ವರ್ಷ ಸರಿಪಡಿಸಲು ನೋಡಿ ಸೋತೆವು. ಯೋಜನೆ ಮುಚ್ಚಿತು, ಈ ಸಲ ಯಾರದೂ ತಪ್ಪಿಲ್ಲದೆ.

ಅಂದು ಸಂಜೆ ಮತ್ತೆ ಅದೇ ಹೊಸ್ತಿಲ ಮುಂದೆ ನಿಂತೆ. ರೂಪಾ ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಬಾಗಿಲು ತೆರೆದಾಗ ಪಂಪಿನ ಚೀಲ ಸೊಂಟದಲ್ಲೇ ಇತ್ತು.

"ಆಗಲಿಲ್ಲಂತ ಹೇಳಾಕ ಬಂದೀರಿ, ಹೌದಲ್ರಿ?" ಎಂದಳು. ನಾನು ತಲೆಯಾಡಿಸಿದೆ. "ಒಳಗ ಬರ್ರಿ. ನಾ ನಿಮ್ಮ ಗುಳಿಗಿಗೆ ಕಾದು ಕುಂತಿರ್ಲಿಲ್ರಿ ಆಂಟಿ. ಬಂದು ಹೇಳ್ತೀರೋ ಇಲ್ಲೋ ಅಂತ ಕಾದಿದ್ದೆ."

ರೂಪಾ ಈಗ ಮೂವತ್ತರ ಹತ್ತಿರ ಬಂದಿದ್ದಾಳೆ, ಯೆರವಡಾದ ಒಂದು ಕಚೇರಿಯಲ್ಲಿ ಕೆಲಸ. ಅವಳನ್ನು ಉಳಿಸಿದ್ದು ನನ್ನ ಅಣುವಲ್ಲ. ನನಗಿಂತ ಎಷ್ಟೋ ಮೊದಲು, ಎಲ್ಲಿಯೋ, ಯಾರೋ ಮಾಡಿಟ್ಟ ಆ ಹಳೆಯ ಔಷಧ, ಮತ್ತು ಅದನ್ನು ಬಿಡದೆ ಚುಚ್ಚಿಕೊಂಡ ಅವಳ ಕೈ. ಆ ಹಳಬರನ್ನು ದಿನವೂ ಮನಸ್ಸಿನಲ್ಲೇ ನೆನೆಯುತ್ತೇನೆ. ನನ್ನ ಬೀಳ್ಕೊಡುಗೆಯ ದಿನ, ಹಾರ ಇನ್ನೂ ಕೊರಳಲ್ಲೇ ಇರುವಾಗ ರೂಪಾಳ ಫೋನು ಬಂತು. ಹೃದಯದ ಸ್ಕ್ಯಾನ್ ಆಗಿದೆ, ಕಬ್ಬಿಣ ಸೇರಿಲ್ಲ, ಎಲ್ಲ ಸರಿಯಾಗಿದೆ ಎಂದಳು. ವರದಿಯನ್ನು ಓದಿ ಹೇಳು ಎಂದೆ, ಓದಿದಳು. ಇನ್ನೊಮ್ಮೆ ಓದು ಎಂದೆ. ನಕ್ಕು, ಅಂಕಿಯೊಂದನ್ನೂ ಬಿಡದೆ ನಿಧಾನವಾಗಿ ಮತ್ತೆ ಓದಿದಳು. ಎರಡನೇ ಸಲವೂ ಅಷ್ಟೇ ಇತ್ತು. ಆಮೇಲೆಯೇ ನಾನು ಅತ್ತದ್ದು.